ರಾಜ ಒಂದು ಸಲ ಹಾರಬಹುದು

ನಮ್ಮ ಚೆಸ್ ಕ್ಲಬ್ಬು ಎಂದರೆ ಒಂದು ಕೋಣೆ, ಅಷ್ಟೆ. ತುಮಕೂರಿನಲ್ಲಿ ಮರಳೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಸೈಕಲ್ ಅಂಗಡಿಯ ಮೇಲಿನ ಮಹಡಿ. ಕೆಳಗೆ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತಿದ್ದರು. ಮೇಲೆ ನಾವೂ ಅಂಥದ್ದೇ ಕೆಲಸದಲ್ಲಿ ಇರುತ್ತಿದ್ದೆವು, ಎದುರಿನವನ ಆಟದಲ್ಲಿ ತೂತು ಎಲ್ಲಿದೆ ಎಂದು. ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಸೈಕಲ್ ಅಲ್ಲ, ಕಪ್ಪು ಬಿಳಿ ಚೌಕಗಳು.

ಅದು ತೊಂಬತ್ತರ ದಶಕದ ಕೊನೆಯ ಭಾಗ. ಭಾನುವಾರ ಊಟವಾದ ಮೇಲೆ ಒಬ್ಬೊಬ್ಬರೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ಕೆಲವು ಬೋರ್ಡುಗಳಿದ್ದವು, ಗಡಿಯಾರ ಮಾತ್ರ ಒಂದೇ. ಎರಡು ಮುಖದ, ಕೀ ಕೊಡುವ ಗಡಿಯಾರ. ನಡೆ ಮುಗಿಸಿ ತಲೆಯ ಮೇಲಿನ ಗುಂಡಿ ಒತ್ತಿದರೆ ನಮ್ಮ ಮುಖ ನಿಂತು ಎದುರಿನವರದು ಓಡಬೇಕು. ನಾನು ಆಟದಲ್ಲಿ ಅಷ್ಟಕ್ಕಷ್ಟೆ. ಆದರೆ ನಿಯಮದ ಪುಸ್ತಕವನ್ನು ಪೂರ್ತಿ ಓದಿದ್ದವನು ನಾನೊಬ್ಬನೇ ಆಗಿದ್ದರಿಂದ, ಪಂದ್ಯವಾದಾಗಲೆಲ್ಲ ನನ್ನನ್ನೇ ಅಂಪೈರ್ ಮಾಡಿ ಗಡಿಯಾರದ ಪಕ್ಕ ಕೂರಿಸುತ್ತಿದ್ದರು. ಹಾಗಾಗಿ ನಾನು ಹೇಳಹೊರಟ ಆಟವನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿದವನು ನಾನು.

ಆಡಿದವರ ಹೆಸರು ಬೇಡ. ಅಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. ಒಬ್ಬರು ಗುಬ್ಬಿ ಮೇಷ್ಟ್ರು. ಗುಬ್ಬಿ ಹತ್ತಿರದ ಹಳ್ಳಿಯವರು, ತುಮಕೂರಿನ ಹೈಸ್ಕೂಲೊಂದರಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಇನ್ನೊಬ್ಬರು ಕುಣಿಗಲ್. ಊರಿನ ಹೆಸರೇ ಅವರ ಹೆಸರಾಗಿತ್ತು. ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು ಉಳಿದಿರುತ್ತಿತ್ತು. ಬಿಳಿ ಕಾಯಿ ಹಿಡಿಯುವ ಮುಂಚೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದು ಅವರ ಅಭ್ಯಾಸ. ಕೈ ಒಣಗಿದ್ದರೂ ಒರೆಸಿಕೊಳ್ಳುತ್ತಿದ್ದರು.

ಕುಣಿಗಲ್ಲಿನಲ್ಲಿ ಕುದುರೆ ಫಾರಂ ಇರುವುದರಿಂದ ಅವರು ಕುದುರೆ ಎತ್ತಿದರೆ ಸಾಕು, ಯಾರಾದರೂ "ಫಾರಂ ಬಾಗ್ಲು ತೆಗುದ್ರು ಕಣಪ್ಪ" ಅನ್ನುತ್ತಿದ್ದರು. ಅವರೂ ಸುಮ್ಮನಿರುವವರಲ್ಲ. ಮೇಷ್ಟ್ರು ಒಂದೊಂದೇ ಕಾಲಾಳನ್ನು ಹೊಡೆದು ಪಕ್ಕಕ್ಕಿಡುವಾಗ, "ಗುಬ್ಬಿ ಕಾಳು ಹೆಕ್ತಾ ಕೂತೈತೆ ನೋಡ್ರಪ್ಪ" ಎಂದು ಇಡೀ ಕೋಣೆಗೆ ಕೇಳುವಂತೆ ಹೇಳುತ್ತಿದ್ದರು. ಇಬ್ಬರೂ ಸರಿಸಮ. ಒಂದು ಭಾನುವಾರ ಇವರು ಗೆದ್ದರೆ ಮುಂದಿನ ಭಾನುವಾರ ಅವರು.

ಇಬ್ಬರೂ ಕಲಿತದ್ದು ಹಳ್ಳಿಯ ಚದುರಂಗ, ಮನೆಯ ಜಗಲಿಯ ಮೇಲೆ. ಟೀ ಕುಡಿಯುವಾಗ ಈ ಮಾತು ಎಷ್ಟೋ ಸಲ ಬಂದಿದೆ. ಆ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದಕ್ಕೆ ಹೋಗಬೇಕು. ರಾಜನೂ ಆನೆಯೂ ಜಾಗ ಬದಲಿಸಿಕೊಳ್ಳುವ ಕ್ಯಾಸ್ಲಿಂಗ್ ಎಂಬುದೇ ಇಲ್ಲ. ಅದರ ಬದಲು ರಾಜ ಇಡೀ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಆದರೆ ಅಲ್ಲಿಯವರೆಗೆ ಅವನಿಗೆ ಒಂದು ಸಲವೂ ಶಾ ಬಿದ್ದಿರಬಾರದು. ಶಾ ಎಂದರೆ ನಾವು ಕ್ಲಬ್ಬಿನಲ್ಲಿ ಚೆಕ್ ಅನ್ನುತ್ತಿದ್ದೆವಲ್ಲ, ಅದೇ. ಒಂದು ಶಾ ಬಿದ್ದರೆ ರಾಜನ ಹಾರುವ ಹಕ್ಕು ಹೋಯಿತು.

"ಅದೇ ಚೆನ್ನಾಗಿತ್ತು ಸಾರ್," ಎನ್ನುತ್ತಿದ್ದರು ಕುಣಿಗಲ್. "ರಾಜ ಅಂದ್ಮೇಲೆ ಜೀವಮಾನದಲ್ಲಿ ಒಂದ್ಸಲನಾದ್ರೂ ಹಾರ್ಬೇಕು."

ಮೇಷ್ಟ್ರಿಗೆ ಆಟ ಕಲಿಸಿದವರು ಅವರ ತಂದೆ. ಹಳ್ಳಿಯಲ್ಲಿ ಹಿರಿಯ ಮಗನ ಸಂಸಾರದ ಜೊತೆ ಇದ್ದರು. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ಮೇಷ್ಟ್ರು ಊರಿಗೆ ಹೋದಾಗಲೆಲ್ಲ ಅಪ್ಪನ ಜೊತೆ ಆಡುತ್ತಿದ್ದರು, ಆಡಿದಾಗಲೆಲ್ಲ ಸೋಲುತ್ತಿದ್ದರು. ತುಮಕೂರಿನಲ್ಲಿ ಗೆದ್ದೆ ಎಂದು ಹೇಳಿದರೆ ಯಜಮಾನರು, "ಗಡಿಯಾರ ಇಕ್ಕೊಂಡ್ ಆಡೋದೂ ಒಂದಾಟನಾ? ಅದೇನ್ ಬಸ್ಸಿಗೆ ಹೋಗ್ಬೇಕಾ ನಿಮ್ಗೆ?" ಎಂದು ನಗುತ್ತಿದ್ದರಂತೆ. ಮಗ ಗೆದ್ದದ್ದನ್ನು ಅವರು ಒಂದು ಸಲವೂ ಕಣ್ಣಾರೆ ಕಂಡಿರಲಿಲ್ಲ.

ಆ ವರ್ಷ ಯಜಮಾನರ ಕಣ್ಣು ಮಂಜಾಗುತ್ತಾ ಬಂತು. ತುಮಕೂರಿಗೆ ಕರೆತಂದು ತೋರಿಸಿದರು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಕಣ್ಣಿನ ನರದ ತೊಂದರೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ಕ್ರಮೇಣ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಆಗ ನಮ್ಮ ಕ್ಲಬ್ಬಿನ ವರ್ಷದ ಪಂದ್ಯ ನಡೆಯುತ್ತಿತ್ತು. ಕೊನೆಯ ಸುತ್ತಿಗೆ ಉಳಿದವರು ಇವರಿಬ್ಬರೇ. ಶನಿವಾರ ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ನಿಂತು ಹೇಳಿದರು.

"ನಾಳೆ ಅಪ್ಪನ್ನ ಕರ್ಕೊಂಡ್ ಬರ್ತೀನಿ ಸಾರ್. ಬೋರ್ಡಿಗೆ ಹತ್ರ ಒಂದು ಕುರ್ಚಿ ಹಾಕ್ಸಿ. ದೂರ ಕೂತ್ರೆ ಕಾಣಲ್ಲ ಅವ್ರಿಗೆ."

"ಹಾಕ್ಸೋಣ ಬಿಡಿ ಮೇಷ್ಟ್ರೇ."

"ಕಣ್ಣು ಪೂರ್ತಿ ಹೋಗೋಕೆ ಮುಂಚೆ ನಾನು ಗೆಲ್ಲೋದನ್ನ ಒಂದ್ಸಲ ನೋಡ್ಲಿ ಅಂತ," ಎಂದರು. ಪಂದ್ಯ ಗೆದ್ದವರಿಗೆ ಕೊಡುವ ಕಪ್ಪಿನ ಮಾತು ಎತ್ತಲೇ ಇಲ್ಲ.

ಮರುದಿನ ಯಜಮಾನರು ಒಗೆದ ಬಿಳಿ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಮಗನ ಭುಜ ಹಿಡಿದು ಮೆಟ್ಟಿಲು ಹತ್ತಿದರು. ನಾನು ಬೋರ್ಡಿನ ಪಕ್ಕದ ಕುರ್ಚಿ ತೋರಿಸಿದೆ. ಅವರು ಕೂತು, ಮುಖವನ್ನು ಬೋರ್ಡಿನ ಮೇಲೆ ಬಾಗಿಸಿ, ತಲೆಯನ್ನು ಸ್ವಲ್ಪ ಓರೆ ಮಾಡಿ ನೋಡಿದರು. ನೇರ ನೋಡಿದರೆ ಕಾಣುತ್ತಿರಲಿಲ್ಲ, ಓರೆಯಾಗಿ ನೋಡಿದರೆ ಒಂದಿಷ್ಟು ಕಾಣುತ್ತಿತ್ತು.

"ಪ್ಲಾಸ್ಟಿಕ್ ಕಾಯಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವೇನಪ್ಪಾ ಅಂಪೈರು?"

"ಹೌದು ಯಜಮಾನ್ರೆ."

"ಸರಿಯಾಗ್ ನೋಡ್ಕಳಿ. ನಮ್ಮುಡ್ಗ ಲೆಕ್ಕದ್ ಮೇಷ್ಟ್ರು. ಎಣ್ಸೋದ್ರಲ್ಲಿ ಮೋಸ ಮಾಡ್ಬುಡ್ತಾನೆ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಕುಣಿಗಲ್ ಎದ್ದು ಬಂದು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ, "ಆಶೀರ್ವಾದ ಮಾಡಿ, ನಿಮ್ಮ ಮಗನ್ನ ಇವತ್ತು ಸೋಲಿಸ್ತೀನಿ" ಎಂದರು. "ಮಾಡ್ದೆ ಹೋಗಪ್ಪ," ಎಂದರು ಯಜಮಾನರು. "ಅವನಿಗೂ ಮಾಡೀನಿ."

ಆಟ ಶುರುವಾಯಿತು. ಬಿಳಿ ಮೇಷ್ಟ್ರದು. ಅವರು ಆವತ್ತು ಆಡಿದಷ್ಟು ಚೆನ್ನಾಗಿ ಎಂದೂ ಆಡಿರಲಿಲ್ಲ. ಪ್ರತಿ ನಡೆಗೆ ಮುಂಚೆ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಳ್ಳುತ್ತಿದ್ದರು. ಕಾಯಿ ಇಟ್ಟ ಮೇಲೆ ಅಪ್ಪನ ಕಡೆ ಒಂದು ಗಳಿಗೆ ನೋಡುತ್ತಿದ್ದರು. ಯಜಮಾನರು ಓರೆಯಾಗಿ ನೋಡಿ, ಅರ್ಥವಾದರೆ "ಹೂಂ" ಎನ್ನುತ್ತಿದ್ದರು, ಆಗದಿದ್ದರೆ ಸುಮ್ಮನಿರುತ್ತಿದ್ದರು. ಕುಣಿಗಲ್ ಒಂದು ಕಾಲಾಳು ಕಳೆದುಕೊಂಡರು, ಆಮೇಲೆ ಇನ್ನೊಂದು. ಕಾಳು ಹೆಕ್ಕುವ ಮಾತು ಅವರ ಬಾಯಿಂದ ಬರಲಿಲ್ಲ. ಬೆರಳನ್ನು ಮತ್ತೆ ಮತ್ತೆ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು.

ಮೇಷ್ಟ್ರ ಆಟದಲ್ಲಿ ಇದ್ದ ಕೊರತೆ ಒಂದೇ. ಕಾಳು ಹೆಕ್ಕುವ ಭರದಲ್ಲಿ ಕ್ಯಾಸ್ಲಿಂಗ್ ಮಾಡಿರಲಿಲ್ಲ, ರಾಜ ಇನ್ನೂ ಹುಟ್ಟಿದ ಮನೆಯಲ್ಲೇ ಇದ್ದ. ಕುಣಿಗಲ್ ಅದನ್ನು ಕಂಡರು. ಅವರ ಒಂಟೆ ದೂರದ ಮೂಲೆಯಿಂದ ಓರೆಗೆ ಬಂದು, ರಾಜ ದಾಟಬೇಕಾದ ಮನೆಯ ಮೇಲೆ ಕಣ್ಣಿಟ್ಟಿತು. ಅಲ್ಲಿಗೆ ಕ್ಯಾಸ್ಲಿಂಗ್ ದಾರಿ ಮುಚ್ಚಿತು. ಹಿಂದೆಯೇ ಅವರ ಕುದುರೆಯೂ ಹತ್ತಿರ ಬಂತು. ಯಾರೂ ಫಾರಂ ಮಾತೆತ್ತಲಿಲ್ಲ. ಆದರೂ ಮೇಷ್ಟ್ರಿಗೆ ದಾರಿ ಇತ್ತು. ಮಂತ್ರಿಯನ್ನು ಒಂದು ಮನೆ ಪಕ್ಕಕ್ಕೆ ಸರಿಸಿದ್ದರೆ ಕುದುರೆ ಹಿಂದಕ್ಕೆ ಹೋಗಲೇಬೇಕಿತ್ತು, ಮೇಷ್ಟ್ರು ಗೆಲ್ಲುತ್ತಿದ್ದರು. ನನ್ನಂಥವನಿಗೂ ಅದು ಕಾಣುತ್ತಿತ್ತು.

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಅಪ್ಪನ ಮುಖ ನೋಡಿದರು. ಯಜಮಾನರು ಬೋರ್ಡಿನ ಮೇಲೆ ಪೂರ್ತಿ ಬಾಗಿದ್ದರು. ಅವರ ಉಸಿರು ಕಾಯಿಗಳಿಗೆ ತಾಗುವಷ್ಟು ಹತ್ತಿರ. ಮೇಷ್ಟ್ರು ರಾಜನನ್ನು ಎತ್ತಿದರು. ಎರಡು ಮನೆ ಪಕ್ಕಕ್ಕೆ, ಒಂದು ಮನೆ ಮುಂದಕ್ಕೆ, ಕಾಲಾಳುಗಳ ಹಿಂದಿನ ಬೆಚ್ಚನೆಯ ಮನೆಗೆ ಕುದುರೆಯ ಹಾಗೆ ಹಾರಿಸಿ ಇಟ್ಟರು. ಗಡಿಯಾರದ ಗುಂಡಿ ಒತ್ತಿದರು.

"ಭಲೇ!" ಎಂದರು ಯಜಮಾನರು. "ಗುಬ್ಬಿ ಹಾರ್ತು ನೋಡು."

ನಾನು ಕುಣಿಗಲ್ ಮುಖ ನೋಡಿದೆ. ಅವರು ಕೈ ಎತ್ತಿ ತಡೆಯುತ್ತಾರೆ, ಇದೇನು ಸಾರ್ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಹಾಗೇನೂ ಮಾಡಲಿಲ್ಲ. ಹುಬ್ಬು ಗಂಟಿಕ್ಕಿ, ರಾಜ ಕೂತ ಹೊಸ ಮನೆಯನ್ನು ನೋಡುತ್ತಾ, ಏನು ಉತ್ತರ ಕೊಡಲಿ ಎಂದು ಯೋಚಿಸುತ್ತಿದ್ದರು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಆನೆಯ ಕಡೆ ಕೈ ಚಾಚಿದರು. ಮೇಷ್ಟ್ರೂ ಅದನ್ನೇ ಕಾಯುತ್ತಿದ್ದರು. ಸುತ್ತ ನಿಂತ ನಾಲ್ಕಾರು ಜನರಲ್ಲೂ ಯಾರೂ ಮಾತಾಡಲಿಲ್ಲ. ಎಲ್ಲರೂ ಹಳ್ಳಿಯ ಜಗಲಿಯ ಮೇಲೆ ಕಲಿತವರೇ. ಆ ಗಳಿಗೆಯಲ್ಲಿ ಎಲ್ಲರೂ ಆಡುತ್ತಿದ್ದದ್ದು, ನೋಡುತ್ತಿದ್ದದ್ದು ಜಗಲಿಯ ಆಟವನ್ನು. ನಾನು ಆಟ ಕಲಿತದ್ದು ಪುಸ್ತಕದಿಂದ. ನನಗೊಬ್ಬನಿಗೇ ತಪ್ಪು ಕಂಡಿತು.

ಅಂಪೈರ್ ಕಂಡ ಮೇಲೆ ಸುಮ್ಮನಿರುವಂತಿಲ್ಲ. ಕೈ ಚಾಚಿ ಗಡಿಯಾರ ನಿಲ್ಲಿಸಿದೆ.

"ಮೇಷ್ಟ್ರೇ... ರಾಜ," ಎಂದೆ. ರಾಜನ ಕಡೆ ಬೆರಳು ತೋರಿಸಿದೆ.

ಮೇಷ್ಟ್ರು ಬೋರ್ಡು ನೋಡಿದರು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಕಿವಿಯಿಂದ ಶುರುವಾಗಿ ಮುಖವೆಲ್ಲ ಕೆಂಪಾಯಿತು. ಕುಣಿಗಲ್ ಚಾಚಿದ ಕೈಯನ್ನು ಹಿಂದೆಗೆದುಕೊಂಡು, "ಅಯ್ಯೋ ಶಿವನೇ, ನಾನೂ ನೋಡ್ಲಿಲ್ವಲ್ಲ ಸಾರ್" ಎಂದರು. ಯಾರೋ ನಕ್ಕರು, ಅರ್ಧಕ್ಕೇ ನಿಲ್ಲಿಸಿದರು.

"ಏನಾಯ್ತು?" ಎಂದರು ಯಜಮಾನರು. "ಯಾಕ್ ಗಡಿಯಾರ ನಿಲ್ಸಿದ್ರಿ?"

ಮಗ ಹೇಳಲಿ ಎಂದು ಕಾದೆ. ಕೊನೆಗೆ ನಾನೇ ಹೇಳಬೇಕಾಯಿತು. "ಯಜಮಾನ್ರೆ, ಇಲ್ಲಿ ರಾಜ ಹಾರೋ ಹಾಗಿಲ್ಲ."

"ಯಾಕಿಲ್ಲ? ಶಾ ಬಿದ್ದೇ ಇಲ್ವಲ್ಲ. ನಾನೇ ನೋಡ್ತಾ ಕೂತಿವ್ನಿ."

"ಶಾ ಬೀಳದಿದ್ದರೂ ಹಾರೋ ಹಾಗಿಲ್ಲ. ಈ ಆಟದಲ್ಲಿ ಆ ನಡೆಯೇ ಇಲ್ಲ."

ಅವರು ಬೋರ್ಡನ್ನು ಮತ್ತೊಮ್ಮೆ ಓರೆಯಾಗಿ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ನಿಂಗೆ ಗೊತ್ತಿತ್ತೇನ್ಲಾ ಇದು?" ಎಂದರು.

"ಗೊತ್ತಿತ್ತಪ್ಪ."

"ಮತ್ಯಾಕ್ ಹಾರ್ಸ್ದೆ?"

ಮೇಷ್ಟ್ರು ಬೋರ್ಡಿನಿಂದ ಕಣ್ಣೆತ್ತದೆ, "ನಿನ್ ಜೊತೆ ಆಡ್ತಿದೀನಿ ಅನ್ನಿಸ್ಬುಡ್ತು" ಎಂದರು.

ನನ್ನ ಕೆಲಸ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿದಿರಲಿಲ್ಲ. ತಪ್ಪು ನಡೆಯನ್ನು ವಾಪಸ್ ತೆಗೆದುಕೊಳ್ಳಬಹುದು, ಆದರೆ ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಮುಟ್ಟಿದ್ದು ರಾಜನನ್ನು. ರಾಜನನ್ನು ಹುಟ್ಟಿದ ಮನೆಗೆ ಹಿಂದಿರುಗಿಸಿ ಇಟ್ಟರೆ, ಅಲ್ಲಿಂದ ಅವನಿಗೆ ಹೋಗಲು ಇದ್ದದ್ದು ಒಂದೇ ಮನೆ. ಅಲ್ಲಿಗೆ ಹೋದರೆ ಕುಣಿಗಲ್ ಕುದುರೆ ಬಂದು ಒಂದೇ ಏಟಿಗೆ ರಾಜನಿಗೆ ಚೆಕ್, ಮಂತ್ರಿಗೂ ಗುರಿ. ಮಂತ್ರಿ ಹೋಗುತ್ತದೆ. ನಾನು ಇದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಆದರೂ ನಿಯಮವನ್ನು ಹೇಳಿದೆ. "ಮುಟ್ಟಿದ ಕಾಯಿ ನಡೆಸಬೇಕು ಮೇಷ್ಟ್ರೇ."

ಕುಣಿಗಲ್ ನನ್ನ ಕಡೆ ಬಾಗಿ, ಮೆಲ್ಲಗೆ, "ಬುಡಿ ಸಾರ್, ಮಂತ್ರೀನೇ ಸರುಸ್ಲಿ. ನಂದೇನ್ ತಕರಾರಿಲ್ಲ" ಎಂದರು.

ನಾನು ಏನಾದರೂ ಹೇಳುವ ಮುಂಚೆಯೇ ಮೇಷ್ಟ್ರು ರಾಜನನ್ನು ಎತ್ತಿ ಆ ಒಂದೇ ಮನೆಗೆ ಇಟ್ಟು ಗುಂಡಿಗೆ ಕೈ ಹಾಕಿದರು. ನಿಲ್ಲಿಸಿದ್ದ ಗಡಿಯಾರವನ್ನು ಮತ್ತೆ ಓಡಿಸಿದೆ. ಕುಣಿಗಲ್ ಬಹಳ ಹೊತ್ತು ಕೂತಿದ್ದರು. ಆಮೇಲೆ ಕುದುರೆ ಎತ್ತಿದರು. "ಚೆಕ್" ಎಂದದ್ದು ಪಕ್ಕದಲ್ಲಿ ಕೂತ ನನಗೂ ಸರಿಯಾಗಿ ಕೇಳಿಸಲಿಲ್ಲ. ಮಂತ್ರಿ ಹೋಯಿತು. ಮೇಷ್ಟ್ರು ಆಟ ಬಿಡಲಿಲ್ಲ, ಕೊನೆಯವರೆಗೂ ಆಡಿದರು, ಸೋತರು.

ಯಜಮಾನರು ಕೊನೆಯವರೆಗೂ ಓರೆಯಾಗಿ ನೋಡುತ್ತಲೇ ಇದ್ದರು. ಮುಗಿದ ಮೇಲೆ ಮಗನನ್ನು ಬಿಟ್ಟು ಕುಣಿಗಲ್ ಕಡೆ ತಿರುಗಿದರು.

"ಯಾವೂರಪ್ಪಾ ನಿಂದು?"

"ಕುಣಿಗಲ್ ಹತ್ರ ಯಜಮಾನ್ರೆ. ನಮ್ಮ ತಾತನೂ ಹಿಂಗೇ ಹೇಳ್ಕೊಟ್ಟಿದ್ದು. ರಾಜ ಒಂದ್ಸಲ ಹಾರ್ಬೋದು."

"ಮತ್ತೆ ನೀನ್ಯಾಕೆ ಮೊದ್ಲೇ ಒಂದು ಶಾ ಕೊಡ್ಲಿಲ್ಲ? ಒಂಟೆ ಹೋದ್ರೂ ಹೋಗ್ಲಿ, ಪುಕ್ಸಟ್ಟೆ ಒಂದು ಶಾ ಕೊಟ್ಟು ಹಾರೋ ಹಕ್ಕು ಕಿತ್ಕಬೇಕು. ಆಮೇಲೆ ಹಿಡೀಬೇಕು ರಾಜನ್ನ. ನಿಮ್ ತಾತ ಇದ್ನ ಹೇಳ್ಕೊಡ್ಲಿಲ್ವಾ?"

"ಇಲ್ಲ ಯಜಮಾನ್ರೆ," ಎಂದರು ಕುಣಿಗಲ್, ಕೈಕಟ್ಟಿ ನಿಂತು.

"ಅರ್ಧ ಆಟ ಹೇಳ್ಕೊಟ್ಟವ್ನೆ," ಎಂದರು ಯಜಮಾನರು. ಆಗ ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಆದರೆ ಮೆಟ್ಟಿಲು ಇಳಿಯುವಾಗ ಅಪ್ಪನ ಕೈ ಅವರ ಭುಜದ ಮೇಲಿತ್ತು, ಅವರ ಮುಖ ಗೋಡೆಯ ಕಡೆಗಿತ್ತು. ರೈಲಿಗೆ ಹೊತ್ತಾಯಿತು ಎಂದು ಇಬ್ಬರೂ ಸ್ಟೇಷನ್ನಿನ ಕಡೆ ಹೊರಟರು. ಕುಣಿಗಲ್ ಕಪ್ಪನ್ನು ಮನೆಗೆ ಒಯ್ಯಲಿಲ್ಲ. ಅದು ಕ್ಲಬ್ಬಿನ ಕಿಟಕಿಯಲ್ಲೇ ಉಳಿಯಿತು, ಅದರೊಳಗೆ ನಾವು ಚಾಕ್‌ಪೀಸು ಹಾಕಿಡುತ್ತಿದ್ದೆವು.

ಒಂದು ವರ್ಷದ ಮೇಲಾಗಿರಬೇಕು. ಯಜಮಾನರಿಗೆ ಈಗ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದರು. ಒಂದು ಭಾನುವಾರ ಕುಣಿಗಲ್, "ನಡೀರಿ ಸಾರ್, ಯಜಮಾನ್ರನ್ನ ಮಾತಾಡಿಸ್ಕೊಂಡ್ ಬರೋಣ" ಎಂದರು. ಮೂವರೂ ಗುಬ್ಬಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಆಟೋದಲ್ಲಿ ಹಳ್ಳಿಗೆ ಹೋದೆವು.

ಮನೆ ತುಂಬ ಜನವಿದ್ದರು. ಅಂಗಳದಲ್ಲಿ ಕೊಬ್ಬರಿ ಹರಡಿತ್ತು. ಯಜಮಾನರು ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು, ಮುಂದೆ ಮರದ ಹಲಗೆ, ಅದರ ಮೇಲೆ ಹಲಸಿನ ಮರದ ಕಾಯಿಗಳು. ಹಿಡಿದು ಹಿಡಿದು ನುಣುಪಾದ ಹಳೆಯ ಕಾಯಿಗಳು. ಅವುಗಳಲ್ಲಿ ಅರ್ಧದಷ್ಟರ ನೆತ್ತಿಯ ಮೇಲೆ ಹೊಸ ಗೀರು. ಮೇಷ್ಟ್ರು ಬ್ಲೇಡಿನಲ್ಲಿ ಕೊರೆದದ್ದಂತೆ, ಬೆರಳಿಗೆ ಗೀರು ಸಿಕ್ಕರೆ ಕರಿಯದು, ಸಿಗದಿದ್ದರೆ ಬಿಳಿಯದು. ಹಲಗೆಯ ಗೆರೆಗಳನ್ನೂ ಆಳ ಮಾಡಿದ್ದರು.

ಅಪ್ಪ, ಮಗ ಆಡಲು ಕೂತರು. ಯಜಮಾನರು ಪ್ರತಿ ನಡೆಗೂ ಮುಂಚೆ ಎರಡೂ ಕೈಗಳನ್ನು ಹಲಗೆಯ ಮೇಲೆ ಆಡಿಸುತ್ತಿದ್ದರು. ಒಂದು ಕಾಯಿಯೂ ಕದಲದಂತೆ, ಬೆರಳ ತುದಿಯಿಂದ ಎಲ್ಲವನ್ನೂ ಒಂದು ಸುತ್ತು ಮುಟ್ಟುತ್ತಿದ್ದರು, ತಮ್ಮವನ್ನೂ ಮಗನವನ್ನೂ.

ಕುಣಿಗಲ್ ತಡೆಯಲಾರದೆ, "ಯಜಮಾನ್ರೆ, ಮುಟ್ಟಿದ್ ಕಾಯಿ ನಡುಸ್ಬೇಕಲ್ವಾ?" ಎಂದರು.

"ನಿಮ್ ಕಾನೂನ ತುಮಕೂರಲ್ಲೇ ಇಕ್ಕಳಿ," ಎಂದರು ಅವರು ತಲೆಯೆತ್ತದೆ. "ಅಂಪೈರಪ್ಪನೂ ಬಂದವ್ರಾ? ಗಡಿಯಾರ ತಂದಿಲ್ಲ ತಾನೆ?"

"ಇಲ್ಲ ಯಜಮಾನ್ರೆ."

ಆಟ ನಡುವಿಗೆ ಬಂದಾಗ ಮೇಷ್ಟ್ರು ತಮ್ಮ ಒಂಟೆಯನ್ನು ಅಪ್ಪನ ರಾಜನ ಓರೆಗೆ ತಂದು ಇಟ್ಟು, "ಶಾ" ಎಂದರು. ಕಾಯುವವರಿಲ್ಲದ ಒಂಟೆ. ಯಜಮಾನರು ಅದನ್ನು ಮುಟ್ಟಿ ನೋಡಿದರು, ಸುತ್ತಲಿನ ಮನೆಗಳನ್ನು ಮುಟ್ಟಿ ನೋಡಿದರು.

"ಇದ್ಯಾಕ್ಲಾ? ಪುಕ್ಸಟ್ಟೆ ಕೊಡ್ತಿದೀಯ?"

"ಬೇಡ್ವಾದ್ರೆ ಬುಡು."

"ಬುಡ್ತೀನಾ," ಎಂದು ಕಾಲಾಳಿನಿಂದ ಹೊಡೆದು ಒಂಟೆಯನ್ನು ಪಕ್ಕಕ್ಕಿಟ್ಟರು. ಪಕ್ಕದಲ್ಲಿ ಕೂತಿದ್ದ ಕುಣಿಗಲ್ ನನ್ನ ಮೊಣಕೈ ಹಿಡಿದುಕೊಂಡರು. ಅವರಿಗೆ ಆಗಲೇ ಗೊತ್ತಾಗಿತ್ತು. ನನಗೆ ಗೊತ್ತಾಗಲು ಇನ್ನಷ್ಟು ಹೊತ್ತು ಬೇಕಾಯಿತು.

ಆಟ ಮುಂದುವರಿಯಿತು. ಮೇಷ್ಟ್ರ ಆನೆಗಳು ಎರಡೂ ಕಡೆಯಿಂದ ಬಂದವು, ಮುಂದಿನ ನಡೆಗೆ ರಾಜ ಸಿಕ್ಕಿಬೀಳುವಂತಿತ್ತು. ಯಜಮಾನರು ಹಲಗೆಯನ್ನೆಲ್ಲ ಒಂದು ಸಲ ಸವರಿ, ಮುಗುಳ್ನಕ್ಕು, ರಾಜನನ್ನು ಎತ್ತಿದರು. ಹಾರಿಸಲು ಎತ್ತಿದ್ದು ಅದು, ಎತ್ತಿದ ರೀತಿಯಲ್ಲೇ ತಿಳಿಯುತ್ತಿತ್ತು. ಕೈ ಗಾಳಿಯಲ್ಲಿ ನಿಂತಿತು.

"ಶಾ ಬಿದ್ದಿತ್ತಲ್ವಾ," ಎಂದರು.

ಅವರು ರಾಜನನ್ನು ಇದ್ದ ಮನೆಗೇ ಇಳಿಸಿ, ಅವನ ಸುತ್ತಲಿನ ಒಂದೊಂದು ಮನೆಯನ್ನೂ ಬೆರಳಿನಿಂದ ತಡವಿದರು. ಆ ಮನೆಗಳನ್ನು ಕಾಯುತ್ತಿದ್ದ ಮಗನ ಕಾಯಿಗಳವರೆಗೂ ಬೆರಳು ಹೋಗಿ ಬಂತು. ಆತುರವಿರಲಿಲ್ಲ. ಮತ್ತೊಮ್ಮೆ ತಡವಿದರು. ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು, ಒರೆಸುತ್ತಿರಲಿಲ್ಲ.

"ಆ ಒಂಟೆ ಇದಕ್ಕಾ ಕೊಟ್ಟಿದ್ದು?"

"ಹೂಂ ಅಪ್ಪ."

"ಯಾರ್ ಹೇಳ್ಕೊಟ್ರಲಾ ನಿಂಗೆ?"

"ನೀನೇ. ತುಮಕೂರಲ್ಲಿ."

"ನಾನು ಆ ಕುಣಿಗಲ್ನೋನಿಗೆ ಹೇಳಿದ್ದು ಕಣೋ! ನಿಂಗಲ್ಲ."

"ನಾನೂ ಅಲ್ಲೇ ಇದ್ನಲ್ಲಪ್ಪ."

ಯಜಮಾನರ ಕೈ ಹಲಗೆಯ ಮೇಲೆಯೇ ಇತ್ತು. ಅವರು ರಾಜನನ್ನು ಮಲಗಿಸಲಿಲ್ಲ, ಕಾಯಿಗಳನ್ನು ಚೆಲ್ಲಲಿಲ್ಲ. ಮಗನ ಆನೆ ಎಲ್ಲಿದೆ, ಇನ್ನೊಂದು ಆನೆ ಎಲ್ಲಿದೆ, ಮಂತ್ರಿ ಎಲ್ಲಿದೆ ಎಂದು ಮೂರನೆಯ ಸಲ, ಅಷ್ಟೇ ನಿಧಾನವಾಗಿ ಮುಟ್ಟಿದರು.

"ನೋಡ್ದೆ ಕಣ್ಲಾ, ಬುಡು," ಎಂದರು.

ಆಮೇಲೆ ಬಾಗಿಲ ಕಡೆ ಮುಖ ಮಾಡಿ, ಅಡಿಗೆ ಮನೆಯವರೆಗೂ ಕೇಳುವ ದನಿಯಲ್ಲಿ ಹಿರಿಯ ಸೊಸೆಯನ್ನು ಕೂಗಿದರು. "ಏನಮ್ಮಾ, ಇಲ್ ಬಾ. ಇವತ್ತು ನಾನ್ ಸೋತೆ. ನಿನ್ ಮೈದ್ನ ಸೋಲ್ಸ್ಬುಟ್ಟ ನನ್ನ. ಏನಾರಾ ಸಿಹಿ ಮಾಡು."